ಬಾಡಿಗೆಯವರ ಪಂಚಾಂಗ

ಮಂಗಳೂರಿನ ಬೆಂಗ್ರೆಯಲ್ಲಿ ಬಾಡಿಗೆಯ ವರ್ಷ ಶುರುವಾಗುವುದು ಆಗಸ್ಟಿನಲ್ಲಿ, ಮುಗಿಯುವುದು ಮೇ ತಿಂಗಳಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಕ್ಕೆಯಲ್ಲಿ ಒಂದಕ್ಕೊಂದು ಒತ್ತಿ ನಿಲ್ಲುತ್ತವೆ. ತಮಿಳುನಾಡು, ಆಂಧ್ರ, ಒಡಿಶಾದಿಂದ ಬಂದ ಕೆಲಸಗಾರರು ಊರಿಗೆ ಹೋಗುತ್ತಾರೆ. ನನ್ನ ತಾಯಿಮನೆ ತೋಟ ಬೆಂಗ್ರೆಯಲ್ಲಿ. ಹಿತ್ತಲಿನ ಎರಡು ಕೋಣೆಗಳನ್ನು ಬೋಟಿನವರಿಗೆ ಕೊಡುತ್ತಿದ್ದ ಸೋದರಮಾವ ಮಳೆಗಾಲದ ಬಾಡಿಗೆಯನ್ನು ಕೇಳಿದ್ದೇ ಇಲ್ಲ. ಹತ್ತು ತಿಂಗಳಿಗೆ ಹೊಂದುವ ಹಾಗೆ ಮೊದಲೇ ಮಾತಾಡಿ ಮುಗಿಸುತ್ತಿದ್ದರು. ಮುಂದೆ ನಾನೂ ನನ್ನವರೂ ಮಂಗಳೂರಿನಲ್ಲಿ ಬಾಡಿಗೆಗೆ ಕೊಡಲೆಂದೇ ಮನೆ ಹುಡುಕತೊಡಗಿದಾಗ ಬ್ರೋಕರುಗಳ ಮಾತಿಗಿಂತ ಮಾವನ ಈ ಲೆಕ್ಕ ಹೆಚ್ಚು ಉಪಯೋಗಕ್ಕೆ ಬಂತು. ಗೋಡೆ, ನೆಲ ನೋಡುವ ಮೊದಲು ಅಲ್ಲಿ ಬಾಡಿಗೆಗೆ ಬರುವವರ ವರ್ಷ ಹೇಗೆ ಸಾಗುತ್ತದೆ ಎಂದು ನೋಡಬೇಕು.

ಮೊದಲು ಕೊಂಡದ್ದು ದೇರಳಕಟ್ಟೆಯ ಫ್ಲ್ಯಾಟು. ಕೆ. ಎಸ್. ಹೆಗ್ಡೆ, ಯೆನೆಪೋಯ, ಕಣಚೂರು ಎಂದು ಅಲ್ಲಿ ಮೆಡಿಕಲ್ ಕಾಲೇಜುಗಳ ಸಾಲೇ ಇದೆ. ತಲಪಾಡಿ ದಾಟಿದರೆ ಕೇರಳ. ಅಲ್ಲಿಂದ ಬರುವ ತಂದೆತಾಯಿ ಹೆಚ್ಚು ಚೌಕಾಸಿ ಮಾಡದೆ ಅಡ್ವಾನ್ಸ್ ಕೊಡುತ್ತಾರೆ. ಆದರೆ ನೀಟ್ ಕೌನ್ಸೆಲಿಂಗ್ ತಡವಾದರೆ ಫ್ಲ್ಯಾಟೂ ಕಾಯುತ್ತದೆ, ಕೋರ್ಸು ಮುಗಿದರೆ ಖಾಲಿಯಾಗುತ್ತದೆ. 2020ರಲ್ಲಿ ಕಾಲೇಜುಗಳಿಗೆ ಬೀಗ ಬಿದ್ದಾಗ ಆ ಕಟ್ಟಡದ ಬಾಲ್ಕನಿಗಳಲ್ಲಿ ಒಣಹಾಕಿದ ಬಟ್ಟೆಯೇ ಕಾಣುತ್ತಿರಲಿಲ್ಲ. ಮೂರು ನಾಲ್ಕು ಹುಡುಗರು ಹಂಚಿಕೊಂಡು ಇರುವುದರಿಂದ ಬಾಡಿಗೆ ಜಾಸ್ತಿ ಸಿಗುತ್ತದೆ ನಿಜ. ನಳ್ಳಿ, ಕದದ ಚಿಲಕ, ಬಾತ್‌ರೂಮಿನ ಬಾಗಿಲಿನ ಖರ್ಚೂ ಜಾಸ್ತಿ. ಇಲ್ಲಿಯೂ ನಾನು ಹಾಕುವುದು ಹತ್ತು ತಿಂಗಳ ಲೆಕ್ಕವೇ.

ಎರಡನೆಯದಕ್ಕೆ ಬೋಳಾರದಲ್ಲಿ ಒಂದು ಹೆಂಚಿನ ಮನೆ ನೋಡಿದೆವು. ದೊಡ್ಡ ಜಗಲಿ, ಹಲಸಿನ ಮರ, ಬೇಸಿಗೆಯಲ್ಲೂ ಬತ್ತದ ಬಾವಿ. ಕ್ರಯ ಅನುಮಾನ ಬರುವಷ್ಟು ಕಡಿಮೆ. ಕಾಗದ ಬಿಡಿಸಿದಾಗ ಗೊತ್ತಾಯಿತು, ಅದು ಮೂಲಗೇಣಿ ಜಾಗ. ನೆಲದ ಒಡೆತನ ಒಬ್ಬರದು, ಅದರ ಮೇಲೆ ಮನೆ ಕಟ್ಟಿಕೊಂಡು ತಲೆಮಾರುಗಳಿಂದ ಅನುಭವಿಸುವ ಶಾಶ್ವತ ಹಕ್ಕು ಇನ್ನೊಬ್ಬರದು, ಗೇಣಿ ಮಾತ್ರ ಅಜ್ಜನ ಕಾಲದ ಚಿಲ್ಲರೆ. 1974ರ ಭೂಸುಧಾರಣೆ ಕೃಷಿಭೂಮಿಯ ಗೇಣಿದಾರರನ್ನು ಒಡೆಯರನ್ನಾಗಿಸಿತು. ಪೇಟೆಯ ಮನೆಯಡಿಗಳ ಮೂಲಗೇಣಿ ಹಾಗೆಯೇ ಉಳಿಯಿತು. ಈ ಗೇಣಿದಾರರಿಗೂ ಒಡೆತನ ಕೊಡಲೆಂದು 2011ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂತು. ಆದರೆ ಕಾಯ್ದೆಯಿದೆ ಎಂದ ಮಾತ್ರಕ್ಕೆ ನಾವು ನೋಡಿದ ಜಾಗದ ಕಾಗದ ಸರಿಯಾಗಿರಲಿಲ್ಲ. ಮೇಲಿಂದ ಅದು ಅಳಿಯಸಂತಾನದ ಕುಟುಂಬದ ಆಸ್ತಿ. ಮನೆಯಲ್ಲಿ ವಾಸವಿದ್ದ ಹಿರಿಯರು ಮಾರಲು ಸಿದ್ಧ, ಆದರೆ ಅವರ ಅಕ್ಕತಂಗಿಯರಿಗೂ ಅವರ ಮಕ್ಕಳಿಗೂ ಹಕ್ಕಿದೆ. ಒಬ್ಬರು ಮುಂಬಯಿಯಲ್ಲಿ, ಇನ್ನೊಬ್ಬರು ದುಬೈಯಲ್ಲಿ. “ಪಾಲುಪಟ್ಟಿ ಆಗದೆ ಮುಂಗಡ ಕೊಡಬೇಡಿ ಅಕ್ಕ” ಎಂದರು ವಕೀಲರು. ಮಾರುವವರಲ್ಲಿ ಮೋಸವೇನೂ ಇರಲಿಲ್ಲ. ಮೂರು ತಲೆಮಾರು ಯಾರೂ ಕಾಗದ ಮುಟ್ಟಿರಲಿಲ್ಲ, ಅಷ್ಟೆ. ಊರಿನ ಹಳೆಯ ಮನೆ ಅಗ್ಗಕ್ಕೆ ಬಂದರೆ ನೆಲದ ಒಡೆತನವೂ ಸೇರಿದ ಮೂಲವರ್ಗವೇ, ಮೂಲಗೇಣಿಯೇ ಎಂದು ಮೊದಲ ದಿನವೇ ಕೇಳಬೇಕು. ಬೆಂಗಳೂರಿನಿಂದ ಬಂದು ಇಲ್ಲಿ ಮನೆ ಕೊಳ್ಳುವವರಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ.

ಕೊನೆಗೆ ಅತ್ತಾವರದಲ್ಲಿ ಹಳೆಯ ಅಪಾರ್ಟ್‌ಮೆಂಟಿನ ಎರಡು ಕೋಣೆಯ ಮನೆ ಕೊಂಡೆವು. ಲಿಫ್ಟ್ ಇಲ್ಲ, ಆದರೆ ಕಾಂಪೌಂಡಿನೊಳಗೆ ಬಾವಿಯಿದೆ. 2019ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನ ನೀರು ಇಳಿದು ಪಾಲಿಕೆ ಸರದಿಯಲ್ಲಿ ನೀರು ಬಿಟ್ಟದ್ದನ್ನು ಕಂಡವರಿಗೆ ಬಾವಿಯ ಬೆಲೆ ಹೇಳಬೇಕಾಗಿಲ್ಲ. ಆಸ್ಪತ್ರೆಯೂ ಸೆಂಟ್ರಲ್ ರೈಲ್ವೆ ನಿಲ್ದಾಣವೂ ಹತ್ತಿರ. ನರ್ಸುಗಳು, ಲ್ಯಾಬಿನವರು ಬರುತ್ತಾರೆ. ಅವರ ಕೆಲಸಕ್ಕೆ ಸೀಸನ್ ಇಲ್ಲ. ಬಾಡಿಗೆ ದೇರಳಕಟ್ಟೆಗಿಂತ ಕಡಿಮೆ, ವರ್ಷದ ಕೊನೆಗೆ ಕೈಯಲ್ಲಿ ಉಳಿಯುವುದು ಹೆಚ್ಚು. ಮನೆಯನ್ನು ಬೇಕೆಂದೇ ಜುಲೈ ತಿಂಗಳಲ್ಲಿ ನೋಡಿದ್ದೆವು. ನಮ್ಮಲ್ಲಿ ಮಳೆ ಹೊಡೆಯುವುದು ಕಡಲ ಕಡೆಯಿಂದ. ಪಡುವಣ ಗೋಡೆಗೆ ಕೈಯಿಟ್ಟರೆ ತೇವ ಗೊತ್ತಾಗುತ್ತದೆ. ಜನವರಿಯಲ್ಲಿ ಎಲ್ಲ ಗೋಡೆಯೂ ಬೆಳ್ಳಗೆ ಒಣಗಿರುತ್ತದೆ.

“ನಿನ್ನ ಊರಿನಲ್ಲೇ ಯಾಕೆ ಕೊಳ್ಳಬಾರದು?” ಎಂದು ಕೇಳುವವರಿದ್ದಾರೆ. ಬೆಂಗ್ರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ ಇರುವ ಮರಳಿನ ಪಟ್ಟಿ. ತೆಂಕಣ ತುದಿಯಲ್ಲಿ ಅಳಿವೆಬಾಗಿಲು. ಬಂದರಿಗೆ ಫೆರಿಯಲ್ಲಿ ಕೆಲವೇ ನಿಮಿಷ. ರಸ್ತೆಯಲ್ಲಾದರೆ ತಣ್ಣೀರುಬಾವಿ, ಕೂಳೂರು ಸುತ್ತಬೇಕು. ಉಪ್ಪುಗಾಳಿಗೆ ಕಿಟಕಿಯ ಸರಳು ಬೇಗ ತುಕ್ಕು ತಿನ್ನುತ್ತದೆ. ಇದನ್ನೆಲ್ಲ ಸಹಿಸಬಹುದು. ಹಕ್ಕುಪತ್ರ ಮಾತ್ರ ಇಲ್ಲಿನವರ ಬಹಳ ಹಳೆಯ ಬೇಡಿಕೆ, ಜೊತೆಗೆ ಕರಾವಳಿ ನಿಯಂತ್ರಣ ವಲಯದ ನಿಯಮ. ಹೊಸದಾಗಿ ಕಟ್ಟುವುದು ಸುಲಭವಲ್ಲ. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ತೂಗುಸೇತುವೆಯ ಮಾತೆತ್ತಿ ಜಾಗ ತೋರಿಸುವವರೂ ಸಿಕ್ಕಿದ್ದಾರೆ. ಸೇತುವೆ ದಾಟಿ ಬೀಚಿಗೆ ಬರುವವರು ಸಂಜೆ ಮನೆಗೆ ಹೋಗುವವರು, ಬಾಡಿಗೆಗೆ ನಿಲ್ಲುವವರಲ್ಲ ಎಂದು ನನ್ನ ಅಂದಾಜು.

ಈಗ ಸುರತ್ಕಲ್ ಕಡೆ ಮನಸ್ಸಿದೆ. 2022ರ ಡಿಸೆಂಬರಿನಲ್ಲಿ ಹೆದ್ದಾರಿಯ ಟೋಲ್ ನಿಂತ ಮೇಲೆ ಓಡಾಟವೂ ಹಗುರ. ಎನ್‌ಐಟಿಕೆಯ ಮಕ್ಕಳಿಗೆ ಹಾಸ್ಟೆಲಿದೆ, ಎಂಆರ್‌ಪಿಎಲ್‌ನ ಕಾಯಂ ನೌಕರರಿಗೆ ಕಂಪನಿಯ ಟೌನ್‌ಶಿಪ್ ಇದೆ. ಉಳಿದವರು ಗುತ್ತಿಗೆಯ ಕೆಲಸದವರು. ರಿಫೈನರಿ ಘಟಕದ ಶಟ್‌ಡೌನ್ ಬಂದಾಗ ಗುಂಪಾಗಿ ಬಂದು, ಕೆಲಸ ಮುಗಿದ ಕೂಡಲೇ ಹೊರಡುವವರು. ಮುಂದಿನ ಶಟ್‌ಡೌನ್ ಯಾವಾಗ ಎಂದು ಅಲ್ಲಿ ಕೆಲಸಕ್ಕಿರುವ ನೆಂಟರೊಬ್ಬರನ್ನು ಕೇಳಿದ್ದೇನೆ. ಅವರ ಉತ್ತರ ಬಂದ ಮೇಲೆಯೇ ಮನೆ ನೋಡಲು ಹೋಗುವುದು.