ಕೊನೆಕೊಯ್ಲಿನ ಮಾತು, ಮೂರು ವರ್ಷದ ಗಡುವು

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಕೈಸಾಲ, ಅಡಿಕೆ ಮಾರಾಟದ ಬಾಕಿ, ತೋಟದ ಕ್ರಯದ ಕರಾರು ಬಹುಮಟ್ಟಿಗೆ ನಂಬಿಕೆಯ ಮೇಲೆಯೇ ನಡೆಯುತ್ತವೆಯಾದರೂ, ವ್ಯವಹಾರ ಕೆಟ್ಟು ಸಿವಿಲ್ ನ್ಯಾಯಾಲಯದ ಮೆಟ್ಟಿಲೇರಿದಾಗ ದಾವೆ ಗಡುವಿನೊಳಗೆ ಬಂದಿದೆಯೇ ಎಂಬ ಪ್ರಶ್ನೆ ತಪ್ಪದೆ ಏಳುತ್ತದೆ. ಈ ಗಡುವನ್ನು ನಿಗದಿಪಡಿಸುವುದು 1964ರ ಜನವರಿ 1ರಂದು ಜಾರಿಗೆ ಬಂದ 1963ರ ಲಿಮಿಟೇಷನ್ ಕಾಯ್ದೆ, ಅಂದರೆ ಕಾಲಮಿತಿ ಕಾಯ್ದೆ. ಇಂಗ್ಲೆಂಡಿನಲ್ಲಿ ಸಾಮಾನ್ಯ ಕರಾರಿನ ದಾವೆಗೆ ಆರು ವರ್ಷ ಅವಕಾಶವಿದ್ದು, ಪ್ರತಿವಾದಿ ತಕರಾರು ಎತ್ತಿದರೆ ಮಾತ್ರ ಗಡುವಿನ ಮಾತು ಬರುತ್ತದೆ. ಇಲ್ಲಿ ಇರುವುದು ಮೂರೇ ವರ್ಷ, ಪ್ರತಿವಾದಿ ಸುಮ್ಮನಿದ್ದರೂ ಅವಧಿ ಮೀರಿದ ದಾವೆಯನ್ನು ನ್ಯಾಯಾಲಯವೇ ವಜಾ ಮಾಡಬೇಕೆಂದು 3ನೇ ಕಲಮು ಹೇಳುತ್ತದೆ.

ಮೊದಲು ಮಾಡಬೇಕಾದ ಕೆಲಸ, ಕಾಲ ಎಂದಿನಿಂದ ಓಡತೊಡಗಿತು ಎಂಬುದನ್ನು ಗುರುತಿಸುವುದು. ಕೇಳಿದಾಗ ಕೊಡತಕ್ಕ ಪ್ರೋನೋಟಿಗೆ ಅದನ್ನು ಬರೆದ ದಿನದಿಂದಲೇ ಲೆಕ್ಕ ಹಿಡಿಯಲಾಗುತ್ತದೆ, ಸಾಲಿಗ ಕೊಡುವುದಿಲ್ಲ ಎಂದ ದಿನದಿಂದಲ್ಲ. ಹೆಚ್ಚಿನವರು ಎಡವುವುದು ಇಲ್ಲಿಯೇ. ಅಡಿಕೆಯನ್ನು ವಾಯಿದೆಯಿಲ್ಲದೆ ಕೊಟ್ಟಿದ್ದರೆ ಮಾಲು ಒಪ್ಪಿಸಿದ ದಿನದಿಂದ, ವಾಯಿದೆ ಇದ್ದರೆ ಅದು ಮುಗಿದ ದಿನದಿಂದ ಮೂರು ವರ್ಷ. ತೋಟದ ಕ್ರಯದ ಕರಾರಿನಲ್ಲಿ ನೋಂದಣಿಗೆ ದಿನ ಗೊತ್ತುಮಾಡಿದ್ದರೆ ಆ ದಿನದಿಂದ, ಇಲ್ಲವಾದರೆ ಎದುರಿನವರು ಒಲ್ಲೆನೆಂದದ್ದು ತಿಳಿದ ದಿನದಿಂದ ಅಷ್ಟೇ ಅವಧಿ ಸಲ್ಲುತ್ತದೆ.

ಇನ್ನು ಗಡುವನ್ನು ಉಳಿಸಿಕೊಳ್ಳುವ ಬಗೆ. ‘ಕೊನೆಕೊಯ್ಲು ಮುಗಿಯಲಿ, ಕೊಡುತ್ತೇನೆ’ ಎಂಬ ಬಾಯಿಮಾತಿನಿಂದ ಕಾಲ ನಿಲ್ಲುವುದಿಲ್ಲ. ಗಡುವು ಮುಗಿಯುವ ಮುನ್ನವೇ ಸಾಲಿಗ ಬಾಕಿಯನ್ನು ಬರವಣಿಗೆಯಲ್ಲಿ ಒಪ್ಪಿ ಸಹಿ ಹಾಕಿರಬೇಕು, ಇಲ್ಲವೇ ಒಂದಿಷ್ಟು ಹಣ ಕಟ್ಟಿ ಅದನ್ನು ಸ್ವಹಸ್ತದಿಂದ ಬರೆದಿರಬೇಕು ಅಥವಾ ಬರೆದದ್ದಕ್ಕೆ ಸಹಿ ಮಾಡಿರಬೇಕು. ಉದಾಹರಣೆಗೆ, 2023ರ ಮೇ 12ರ ಪ್ರೋನೋಟಿಗೆ, ಬರೆದ ದಿನವನ್ನು ಬಿಟ್ಟು ಎಣಿಸಿದರೆ, 2026ರ ಮೇ 12 ಕೊನೆಯ ದಿನ. ಸಾಲಿಗ 2026ರ ಜನವರಿ 20ರಂದು 5,000 ರೂಪಾಯಿ ಕೊಟ್ಟು ಪ್ರೋನೋಟಿನ ಹಿಂಬದಿಯಲ್ಲಿ ತಾರೀಖು ಸಮೇತ ಷರಾ ಬರೆದು ಸಹಿ ಮಾಡಿದರೆ, ಆ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಸಾಲ ಕೊಟ್ಟವರು ತಾವೇ ಬರೆದಿಟ್ಟುಕೊಂಡ ಷರಾಕ್ಕೆ ಈ ಬಲವಿಲ್ಲ. ಕೊನೆಯ ದಿನ ನ್ಯಾಯಾಲಯದ ಬೇಸಿಗೆ ರಜೆಯಲ್ಲಿ ಬಿದ್ದರೆ, ಬಾಗಿಲು ತೆರೆದ ದಿನವೇ ದಾವೆ ಹೂಡಬಹುದು.

ವಿಳಂಬ ಮನ್ನಿಸಬೇಕೆಂದು ಕೋರಲು ಅವಕಾಶವೀಯುವ 5ನೇ ಕಲಮು ಮೇಲ್ಮನವಿ ಮತ್ತು ಅರ್ಜಿಗಳಿಗಷ್ಟೇ ಅನ್ವಯಿಸುತ್ತದೆಯೇ ಹೊರತು ಮೂಲ ದಾವೆಗೆ ಅಲ್ಲ. ಗಡುವಿನ ಬಿಗಿ ಈ ಸೀಮೆಗೆ ಹೊಸದೂ ಅಲ್ಲ: ಗೇಣಿದಾರರ 1951ರ ಕಾಗೋಡು ಸತ್ಯಾಗ್ರಹ ಕಂಡ ಸಾಗರದಲ್ಲೂ, ಭೂಸುಧಾರಣಾ ಕಾಯ್ದೆಯಡಿ ಗೇಣಿ ಜಮೀನಿನ ಹಕ್ಕು ಕೋರುವ ಏಳನೇ ನಮೂನೆಯ ಡಿಕ್ಲರೇಷನ್ ಸಲ್ಲಿಸಲು 1979ರ ಜೂನ್ 30 ಕೊನೆಯ ದಿನವಾಗಿತ್ತು.

ಜಮೀನಿನ ಸ್ವಾಧೀನ ಕೇಳುವ ದಾವೆಗೆ 12 ವರ್ಷ. ಕೂಡು ಕುಟುಂಬದ ಆಸ್ತಿಯಿಂದ ಹೊರಗಿಟ್ಟದ್ದು ತಿಳಿದ ದಿನದಿಂದ ಪಾಲು ಕೇಳಲು ಸಹ 12 ವರ್ಷ. ಅಡಮಾನ ಬಿಡಿಸಿಕೊಳ್ಳಲು 30 ವರ್ಷ. ಸಾಲದ ಗಡುವು ಮೀರಿದರೆ ದಾವೆಯ ದಾರಿ ಮುಚ್ಚಿದರೂ ಋಣ ಅಳಿಯುವುದಿಲ್ಲವಾದ್ದರಿಂದ, ಸಾಲಿಗ ಹೊಸದಾಗಿ ಬರೆದುಕೊಟ್ಟ ವಾಗ್ದಾನಕ್ಕೆ ಕರಾರು ಕಾಯ್ದೆಯ 25ನೇ ಕಲಮಿನಲ್ಲಿ ಮಾನ್ಯತೆಯಿದೆ; ಜಮೀನಿನ ಗಡುವು ಮೀರಿದರೆ ಮಾತ್ರ ಹಕ್ಕೇ ನಂದಿಹೋಗುತ್ತದೆ.

ಪ್ರೋನೋಟು ಇಟ್ಟುಕೊಂಡವರು ಅದರ ತಾರೀಖನ್ನು ಈ ವಾರವೇ ನೋಡಿಕೊಂಡು ವಕೀಲರನ್ನು ಕಾಣುವುದು ಒಳ್ಳೆಯದು. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವು ದೊರೆಯುತ್ತದೆ.