ಜಾಲಗಳ ಕೂಡುನಿಲ್ದಾಣ

ಮುಂಬಯಿಯ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದರಾಸಿನ ಕಡೆಯಿಂದ ಮದರಾಸು ರೈಲ್ವೆಯೂ ಹಾಕುತ್ತ ಬಂದ ಹಳಿಗಳು 1871ರಲ್ಲಿ ಒಂದಾದುದು ರಾಯಚೂರಿನಲ್ಲಿ. ಕಂಪನಿಗಳು ಬೇರೆ, ಅವುಗಳ ಲೆಕ್ಕಪತ್ರಗಳೂ ಬೇರೆ. ಆದರೆ ಹಳಿಗಳ ನಡುವಣ ಅಗಲ ಎರಡರಲ್ಲಿಯೂ ಐದೂವರೆ ಅಡಿ. ಈ ಸಮಾನ ಅಳತೆಯೂ ಸೇರಲು ಒಂದು ನೆಲೆಯೂ ದೊರೆತುದರಿಂದ ಎರಡು ದಾರಿಗಳು ಒಂದೇ ಹೆದ್ದಾರಿಯಾದವು. ಎಡೆದೊರೆ ನಾಡು ಕಂಡ ಈ ಸಂಗತಿಯು ಇಂದಿನ ಅಂತರ್ಜಾಲದ ಒಂದು ಮುಖ್ಯ ತತ್ತ್ವವನ್ನು ಅರಿಯಲು ಕೈದೀವಿಗೆಯಾಗಬಲ್ಲುದು.

‘ಅಂತರ್’ ಎಂಬ ಸಂಸ್ಕೃತ ಅವ್ಯಯಕ್ಕೆ ‘ಒಳಗೆ’ ಎಂಬ ಅರ್ಥದಂತೆಯೇ ‘ನಡುವೆ’ ಎಂಬ ಅರ್ಥವೂ ಉಂಟು. ಅಂತರ್ಜಾಲವೆಂಬಲ್ಲಿ ಗ್ರಾಹ್ಯವಾದುದು ಎರಡನೆಯದು. ಅದು ಯಾರೋ ಒಬ್ಬರು ನೇಯ್ದ ಒಂದೇ ಬಲೆಯಲ್ಲ. ದೂರವಾಣಿ ಕಂಪನಿಗಳು, ವಿಶ್ವವಿದ್ಯಾಲಯಗಳು, ಬ್ಯಾಂಕುಗಳು ಮೊದಲಾದವು ನಡೆಸುವ ಹತ್ತಾರು ಸಾವಿರ ಸ್ವತಂತ್ರ ಜಾಲಗಳ ನಡುವಣ ಸಂಬಂಧ.

ರಾಯಚೂರು ನಗರದ ಶಾಲೆಯೊಂದು ತನ್ನ ಗಣಕಯಂತ್ರದಲ್ಲಿ ಗಣಿತದ ಪಾಠಗಳನ್ನು ಇರಿಸಿದೆಯೆಂದು ಭಾವಿಸೋಣ. ಮಾನ್ವಿಯ ವಿದ್ಯಾರ್ಥಿಯು ಶಾಲೆಯು ಆಶ್ರಯಿಸಿದ ಕಂಪನಿಯ ಸಂಪರ್ಕವನ್ನೇ ಪಡೆದಿದ್ದಾನೆ. ಅವನಿಗೆ ಪಾಠವು ಒಂದೇ ಜಾಲದೊಳಗೆ ಹರಿದು ಬರುತ್ತದೆ. ದೇವದುರ್ಗದ ವಿದ್ಯಾರ್ಥಿನಿಯ ಕಂಪನಿ ಬೇರೆ. ಆ ಎರಡು ಕಂಪನಿಗಳ ಜಾಲಗಳು ಎಲ್ಲಿಯಾದರೂ ಕೂಡಿದಲ್ಲದೆ ಪಾಠವು ಅವಳನ್ನು ಮುಟ್ಟದು. ಅವು ಸಿಂಗಪುರದಲ್ಲಿ ಮಾತ್ರ ಕೂಡುವುದಾದರೆ, ಒಂದೇ ಜಿಲ್ಲೆಯ ಪಾಠವು ಕಡಲು ದಾಟಿ ಹೋಗಿ, ಮರಳಿ ಕಡಲು ದಾಟಿ ಬರಬೇಕು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಸಾಗುವುದಾದರೂ, ಚೆನ್ನೈಯಿಂದ ಸಿಂಗಪುರಕ್ಕೆ ಹೋಗಿಬರಲು ಸೆಕೆಂಡಿನ ನೂರರಲ್ಲಿ ಮೂರು ಭಾಗವಾದರೂ ಬೇಕು. ಕಾಲವ್ಯಯಕ್ಕಿಂತ ಧನವ್ಯಯ ಹಿರಿದು: ತನ್ನ ಹೊರೆಯನ್ನು ಸಾಗಿಸಿಕೊಡುವ ದೊಡ್ಡ ಜಾಲಕ್ಕೆ ಸಣ್ಣ ಜಾಲವು ಸುಂಕ ತೆರಬೇಕು. ಇದಕ್ಕೆ ‘ಟ್ರಾನ್ಸಿಟ್’ ಎಂದು ಹೆಸರು. ಕಡೆಗೆ ಆ ಸುಂಕದ ಭಾರ ಬೀಳುವುದು ಚಂದಾದಾರನ ಮೇಲೆ.

ಇದು ಬರಿಯ ಕಲ್ಪನೆಯಲ್ಲ. ಭಾರತದಲ್ಲಿ ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರ್ಜಾಲವನ್ನು ತೆರೆದುದು 1995ರ ಆಗಸ್ಟ್ 15ರಂದು. ಬಳಿಕ ಅನೇಕ ಕಂಪನಿಗಳು ಹುಟ್ಟಿದವು. ಅವುಗಳ ನಡುವಣ ದೇಶೀಯ ಸಂದೇಶಗಳು ಎಷ್ಟೋ ಸಲ ವಿದೇಶವನ್ನು ಬಳಸಿ ಬರುತ್ತಿದ್ದವು. ಈ ಕೊರತೆಯನ್ನು ನೀಗಲು 2003ರಲ್ಲಿ ‘ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ’ ಎಂಬ ಲಾಭೋದ್ದೇಶವಿಲ್ಲದ ಸಂಸ್ಥೆ ಸ್ಥಾಪಿತವಾಯಿತು. ಬೆಂಗಳೂರು, ಹೈದರಾಬಾದು, ಚೆನ್ನೈ, ಮುಂಬಯಿ ಮೊದಲಾದೆಡೆ ಅದರ ವಿನಿಮಯ ಕೇಂದ್ರಗಳಿವೆ. ಖಾಸಗಿಯವರು ನಡೆಸುವ ಕೇಂದ್ರಗಳೂ ಉಂಟು.

ಕೇಂದ್ರದ ರಚನೆ ಸರಳವಾದುದು. ನಡುವೆ ‘ಸ್ವಿಚ್’ ಎಂಬ ಯಂತ್ರ. ಪ್ರತಿಯೊಂದು ಜಾಲವೂ ಒಂದು ತಂತಿಯನ್ನು ಅಲ್ಲಿಗೆ ತಂದು ಜೋಡಿಸುತ್ತದೆ. ಹತ್ತು ಜಾಲಗಳು ಜೋಡಿಜೋಡಿಯಾಗಿ ಪ್ರತ್ಯೇಕ ತಂತಿ ಎಳೆದುಕೊಂಡರೆ 45 ತಂತಿಗಳು ಬೇಕು. ಇಲ್ಲಿ ಹತ್ತೇ ಸಾಕು. ಬಳಿಕ ಅವುಗಳ ರೂಟರುಗಳು ‘ಇಂತಿಂಥ ವಿಳಾಸಗಳಿಗೆ ನನ್ನ ಮೂಲಕ ದಾರಿಯುಂಟು’ ಎಂದು ಪರಸ್ಪರ ಸಾರುತ್ತವೆ. ಹೀಗೆ ಸಾರುವ ಸಾಮಾನ್ಯ ಭಾಷೆಯೇ ‘ಬಾರ್ಡರ್ ಗೇಟ್‌ವೇ ಪ್ರೋಟೋಕಾಲ್’. ರೈಲ್ವೆಗೆ ಐದೂವರೆ ಅಡಿಯ ಅಳತೆ ಹೇಗೋ ಜಾಲಗಳಿಗೆ ಇದು ಹಾಗೆ. ಹೀಗೆ ಕೂಡಿದ ಜಾಲಗಳು ತಂತಮ್ಮ ಚಂದಾದಾರರ ಸಂದೇಶಗಳನ್ನು ಅಲ್ಲಿಯೇ ಕೊಟ್ಟು ಕೊಳ್ಳುವುದಕ್ಕೆ ‘ಪೀರಿಂಗ್’ ಎನ್ನುವರು. ಅದು ಸಮಾನರ ವ್ಯವಹಾರ.

ಆದರೆ ಕೇಂದ್ರವಿದ್ದ ಮಾತ್ರಕ್ಕೆ ಫಲ ದೊರೆಯದು. ತಂತಿ ಜೋಡಿಸಿಯೂ ದಾರಿಯನ್ನು ಸಾರದ ಜಾಲವು, ಸಂತೆಗೆ ಬಂದೂ ಗಂಟು ಬಿಚ್ಚದ ವ್ಯಾಪಾರಿಯಂತೆ. ಯಾರೊಡನೆ ಕೂಡಬೇಕೆಂಬುದು ಆಯಾ ಕಂಪನಿಯ ಇಚ್ಛೆ. ದೊಡ್ಡ ಜಾಲವು, ಸುಂಕ ತೆರಬಲ್ಲ ಸಣ್ಣ ಜಾಲದೊಡನೆ ಸಮಾನವಾಗಿ ಕೂಡಲು ಹಿಂಜರಿಯುವುದುಂಟು. ಅಲ್ಲದೆ ದೇವದುರ್ಗ, ಮಾನ್ವಿಗಳಿಂದ ಕೇಂದ್ರವಿರುವ ನಗರದವರೆಗಿನ ತಂತಿಯು ದುರ್ಬಲವಾಗಿದ್ದರೆ ಕೇಂದ್ರದ ವೇಗವು ಹಳ್ಳಿಯ ಮನೆಯನ್ನು ಮುಟ್ಟದು.

ಆದುದರಿಂದ ಶಾಲೆಗೆ ಸಂಪರ್ಕವನ್ನು ಕೊಳ್ಳುವವರು ವೇಗವೆಷ್ಟು, ಬೆಲೆಯೆಷ್ಟು ಎಂದು ಕೇಳುವುದರ ಜೊತೆಗೆ, ‘ನಿಮ್ಮ ಜಾಲವು ಇತರ ಜಾಲಗಳನ್ನು ಎಲ್ಲಿ ಕೂಡುತ್ತದೆ?’ ಎಂದೂ ಕೇಳುವುದು ಉಚಿತ. ಕೂಡುವ ನೆಲೆ ಹತ್ತಿರವಿದ್ದಷ್ಟೂ ದೇವದುರ್ಗದ ವಿದ್ಯಾರ್ಥಿನಿಗೆ ರಾಯಚೂರಿನ ಪಾಠ ಹತ್ತಿರವಾಗುತ್ತದೆ.