ಊರುಗಳ ಸರದಿಯಲ್ಲೇ ಉಳಿತಾಯ

ಡಿಸೆಂಬರ್ ಕೊನೆಯಲ್ಲಿ ವಿದೇಶಕ್ಕೆ ಹೊರಡುವ ನಮ್ಮ ಕಡೆಯ ದಂಪತಿಗಳು ಮೊದಲು ತೆರೆಯುವುದು ತಮ್ಮ ಆಫೀಸಿನ ರಜೆ ಪಟ್ಟಿಯನ್ನು. ಕ್ರಿಸ್‌ಮಸ್‌ಗೆ ರಜೆ ಇದೆ, ಶನಿವಾರ ಭಾನುವಾರ ಸೇರಿತು, ನಡುವೆ ನಾಲ್ಕು ಸಿಎಲ್ ಹಾಕಿದರೆ ಹೊಸ ವರ್ಷ ದಾಟುತ್ತದೆ ಎಂದು ಲೆಕ್ಕ ಶುರುವಾಗುತ್ತದೆ. ಆಮೇಲೆ ವಿಮಾನದ ಟಿಕೆಟ್, ಆಮೇಲೆ ಹೋಟೆಲ್. ಹೋಗುವ ದೇಶದವರಿಗೆ ಯಾವಾಗ ರಜೆ ಎಂಬ ಪ್ರಶ್ನೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಾನು ಅದನ್ನೇ ಮೊದಲು ಕೇಳಬೇಕು ಅನ್ನುತ್ತೇನೆ. ಹಬ್ಬದ ದಿನಗಳಲ್ಲಿ ಮೂರು ನಾಲ್ಕು ಊರು ಸುತ್ತುವಾಗ ಯಾವ ಊರು ಮೊದಲು, ಯಾವುದು ಕೊನೆಗೆ ಎಂಬ ಸರದಿಯೇ ಒಟ್ಟು ಖರ್ಚಿನ ದೊಡ್ಡ ಪಾಲನ್ನು ನಿರ್ಧರಿಸುತ್ತದೆ. ನಾನೂ ನಮ್ಮ ಯಜಮಾನರೂ ಹೊಸ ವರ್ಷದ ಹೊತ್ತಿಗೆ ಜಪಾನಿಗೆ ಹೋಗಿ ಬಂದ ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡೇ ಈ ಮಾತು ಬರೆಯುತ್ತಿದ್ದೇನೆ.

ಜಪಾನಿನಲ್ಲಿ ಕ್ರಿಸ್‌ಮಸ್‌ಗೆ ಸಾರ್ವಜನಿಕ ರಜೆಯಿಲ್ಲ. ಹೊಸ ವರ್ಷಕ್ಕೂ ಕಾನೂನಿನ ಪ್ರಕಾರ ರಾಷ್ಟ್ರೀಯ ರಜೆ ಜನವರಿ 1 ಒಂದೇ ದಿನ. ಆದರೆ ನಡೆಯುವುದೇ ಬೇರೆ. ಸರ್ಕಾರಿ ಕಚೇರಿಗಳು ಡಿಸೆಂಬರ್ 29ರಿಂದ ಜನವರಿ 3ರವರೆಗೆ ಮುಚ್ಚಿರುತ್ತವೆ. ಬ್ಯಾಂಕುಗಳು 31ರಿಂದ 3ರವರೆಗೆ ತೆರೆಯುವುದಿಲ್ಲ. ಎಷ್ಟೋ ಮ್ಯೂಸಿಯಂಗಳು, ಸಣ್ಣ ಊಟದ ಅಂಗಡಿಗಳು ಅದಕ್ಕೂ ಮುಂಚೆಯೇ ಬಾಗಿಲು ಹಾಕುತ್ತವೆ. ಟೋಕಿಯೊದಲ್ಲಿ ದುಡಿಯುವವರೆಲ್ಲ ಊರಿನ ಹಾದಿ ಹಿಡಿಯುತ್ತಾರೆ. ದೀಪಾವಳಿಯ ಹಿಂದಿನ ಸಂಜೆ ಬೆಂಗಳೂರಿನ ಮೆಜೆಸ್ಟಿಕ್ ಹೇಗಿರುತ್ತದೋ, ಡಿಸೆಂಬರ್ 29, 30ರಂದು ಟೋಕಿಯೊ ಸ್ಟೇಷನ್ ಹಾಗಿರುತ್ತದೆ. ಟೋಕಿಯೊ–ಕ್ಯೋಟೊ–ಒಸಾಕಾ ನಡುವಿನ ವೇಗದ ನೊಝೊಮಿ ರೈಲಿನಲ್ಲಿ ಮಾಮೂಲಿ ದಿನಗಳಲ್ಲಿ ಕಾದಿರಿಸದ ಬೋಗಿಗಳೂ ಇರುತ್ತವೆ. 2023ರ ವರ್ಷಾಂತ್ಯದಿಂದ ಈ ದಟ್ಟಣೆಯ ದಿನಗಳಲ್ಲಿ ಆ ರೈಲಿನ ಎಲ್ಲ ಸೀಟುಗಳೂ ರಿಸರ್ವೇಶನ್‌ಗೆ ಮೀಸಲು. ಮುಂಗಡ ಬುಕಿಂಗ್‌ನ ರಿಯಾಯಿತಿ ಟಿಕೆಟ್‌ಗಳೂ ಆಗ ನಡೆಯುವುದಿಲ್ಲ.

ನಮಗೆ ಒಂದು ಟ್ರಾವೆಲ್ ಏಜೆನ್ಸಿಯವರು ಕೊಟ್ಟ ಪಟ್ಟಿಯಲ್ಲಿ 30ಕ್ಕೆ ಟೋಕಿಯೊ ಬಿಟ್ಟು ಕ್ಯೋಟೊ, ಹೊಸ ವರ್ಷ ಅಲ್ಲೇ, 2ನೇ ತಾರೀಕು ಹಕೋನೆಯ ಬಿಸಿನೀರ ಬುಗ್ಗೆ, ಮತ್ತೆ ಟೋಕಿಯೊ, ಅಲ್ಲಿಂದ ವಾಪಸ್ ಎಂದಿತ್ತು. ನಕ್ಷೆ ನೋಡಿದರೆ ಚೆನ್ನಾಗಿಯೇ ಇದೆ. ಕ್ಯಾಲೆಂಡರ್ ಪಕ್ಕದಲ್ಲಿಟ್ಟು ನೋಡಿದರೆ ಪ್ರತಿ ದಿನವೂ ದುಬಾರಿ ದಿನವೇ. ರೈಲು ಹತ್ತಬೇಕಾದದ್ದು ಊರಿಗೆ ಊರೇ ರೈಲು ಹತ್ತುವ ದಿನ. ಹಕೋನೆಗೆ ಹೋಗಬೇಕಾದದ್ದು ಅಲ್ಲಿನ ರಸ್ತೆಗಳು ಓಟಗಾರರಿಗೆ ಬಿಟ್ಟುಕೊಟ್ಟ ದಿನ. ಜನವರಿ 2 ಮತ್ತು 3ರಂದು ಟೋಕಿಯೊದ ಒತೆಮಾಚಿಯಿಂದ ಹಕೋನೆಯ ಆಶಿ ಸರೋವರದವರೆಗೆ ಹೋಗಿ ಬರುವ ವಿಶ್ವವಿದ್ಯಾಲಯಗಳ ರಿಲೇ ಓಟ ನಡೆಯುತ್ತದೆ. ಇನ್ನೂರು ಕಿಲೋಮೀಟರಿಗೂ ಮಿಕ್ಕಿದ ಆ ಓಟವನ್ನು ದೇಶವೇ ಟಿವಿ ಮುಂದೆ ಕೂತು ನೋಡುತ್ತದೆ. ಬೆಟ್ಟದ ರಸ್ತೆ ಅಷ್ಟು ಹೊತ್ತು ಬಂದ್, ಬಸ್ಸುಗಳು ತಡ. ಕೋಣೆಯ ಬಾಡಿಗೆ ಮಾತ್ರ ವರ್ಷದಲ್ಲೇ ಹೆಚ್ಚು. ಅದೇ ಹೋಟೆಲಿನ ಅದೇ ಕೋಣೆಯನ್ನು ನಮ್ಮ ಯಜಮಾನರು ಜನವರಿ 5ಕ್ಕೆ ಹುಡುಕಿ ನನಗೆ ತೋರಿಸಿದರು. ಹೆಚ್ಚು ಕಡಿಮೆ ಅರ್ಧ ಬೆಲೆ.

"ಹಾಗಾದರೆ ಹೊಸ ವರ್ಷಕ್ಕೆ ಎಲ್ಲೂ ಹೋಗೋದೇ ಬೇಡವೇನ್ರೀ?" ಅಂದೆ.

"ಹೋಗೋಣ. ಆ ನಾಲ್ಕು ದಿನ ಒಂದೇ ಊರಲ್ಲಿ ಇರೋಣ, ಅಷ್ಟೇ" ಅಂದರು.

ಈ ಒಂದು ಮಾತಿನ ಮೇಲೆ ನಮ್ಮ ಇಡೀ ಪ್ರವಾಸ ನಿಂತಿತು. ಜನ ಟೋಕಿಯೊ ಬಿಟ್ಟು ಹೋಗುವಾಗ ನಾವು ಟೋಕಿಯೊದಲ್ಲೇ ಉಳಿದೆವು. 28ರೊಳಗೆ ಉಯೆನೊದ ಮ್ಯೂಸಿಯಂ ಮುಗಿಸಿದೆವು. 31ರ ರಾತ್ರಿ ಯಮನೋತೆ ಲೈನಿನ ರೈಲು ಬೆಳಗಿನವರೆಗೂ ಓಡುತ್ತದೆ. ಅದರಲ್ಲಿ ಮೇಜಿ ದೇಗುಲಕ್ಕೆ ಹೋಗಿ, ಮರಗಳ ನಡುವಿನ ಜಲ್ಲಿ ಹಾದಿಯಲ್ಲಿ ಜನಸಾಗರದ ಜೊತೆ ಹೆಜ್ಜೆ ಹೆಜ್ಜೆಯಾಗಿ ಸಾಗಿದೆವು. ಅದಕ್ಕೆ ಟಿಕೆಟ್ ಇಲ್ಲ. ಜನವರಿ 2ರಂದು ಅರಮನೆಯ ಅಂಗಳಕ್ಕೆ ಸಾರ್ವಜನಿಕರನ್ನು ಬಿಡುತ್ತಾರೆ, ಚಕ್ರವರ್ತಿ ಕುಟುಂಬ ಗಾಜಿನ ಆಚೆ ನಿಂತು ಶುಭಾಶಯ ಹೇಳುತ್ತದೆ. ಅದಕ್ಕೂ ಕಾಸು ಕೊಡಬೇಕಿಲ್ಲ. ಹಬ್ಬದ ದಿನಗಳಲ್ಲಿ ದುಡ್ಡು ಕೊಟ್ಟು ನೋಡುವ ಜಾಗಗಳು ಮುಚ್ಚಿರುತ್ತವೆ, ಬಿಟ್ಟಿ ನೋಡುವುದೇ ಆಗ ತುಂಬಿರುತ್ತದೆ. ಹೀಗಾಗಿ ಆ ದಿನಗಳ ಖರ್ಚು ನಾವು ಬಜೆಟ್‌ನಲ್ಲಿ ಬರೆದಿಟ್ಟದ್ದಕ್ಕಿಂತ ಕಡಿಮೆಯೇ ಆಯಿತು. 4ನೇ ತಾರೀಕಿನ ನಂತರ ಹಕೋನೆ, ಅಲ್ಲಿಂದ ಕ್ಯೋಟೊ, ಕೊನೆಗೆ ಒಸಾಕಾ.

ವಾಪಸ್ ವಿಮಾನವನ್ನೂ ಒಸಾಕಾದಿಂದಲೇ ಹಿಡಿದೆವು. ಬೆಂಗಳೂರಿನಿಂದ ಟೋಕಿಯೊದ ನರಿತಾಗೆ ನೇರ ವಿಮಾನ ಇರುವುದರಿಂದ ಹೋಗಿ ಬರುವ ಟಿಕೆಟ್ ಅಲ್ಲಿಗೇ ಮಾಡುವ ಆಸೆ ಸಹಜ. ಆದರೆ ಕ್ಯೋಟೊದಿಂದ ಟೋಕಿಯೊಗೆ ರೈಲಿನಲ್ಲಿ ಒಬ್ಬರಿಗೆ ಸುಮಾರು 14,000 ಯೆನ್. ಯೆನ್‌ಗೆ ಅರವತ್ತು ಪೈಸೆಯ ಆಸುಪಾಸು ಹಿಡಿದರೆ ಇಬ್ಬರಿಗೆ ಹದಿನಾರು ಸಾವಿರ ರೂಪಾಯಿಗೂ ಮೇಲೆ, ಜೊತೆಗೆ ಅರ್ಧ ದಿನ. ಟಿಕೆಟ್ ಹುಡುಕುವಾಗ 'ಮಲ್ಟಿ ಸಿಟಿ' ಒತ್ತಿ ಟೋಕಿಯೊಗೆ ಹೋಗುವುದು, ಒಸಾಕಾದಿಂದ ಬರುವುದು ಎಂದು ಹಾಕಿ ನೋಡಿ. ವ್ಯತ್ಯಾಸ ಹದಿನಾರು ಸಾವಿರಕ್ಕಿಂತ ಕಡಿಮೆ ಇದ್ದರೆ ಅದೇ ಲಾಭ. ಇನ್ನು ಎಲ್ಲರೂ ಹೇಳುವ ಜಪಾನ್ ರೈಲ್ ಪಾಸ್ ಈ ದಾರಿಗೆ ಬೇಡವೇ ಬೇಡ. ಏಳು ದಿನದ ಪಾಸ್ 2023ರ ಅಕ್ಟೋಬರ್‌ನಲ್ಲಿ 29,650 ಯೆನ್‌ನಿಂದ 50,000ಕ್ಕೆ ಏರಿತು. ಅದಿದ್ದರೂ ನೊಝೊಮಿಗೆ ಮೇಲೆ ಹಣ ಕಟ್ಟಬೇಕು.

ಕೋಣೆಯ ವಿಷಯ ದಂಪತಿಗಳು ಸ್ವಲ್ಪ ನಿಧಾನವಾಗಿ ಓದಬೇಕು. ಜಪಾನಿನಲ್ಲಿ ಬಾಡಿಗೆ ಬಹಳ ಕಡೆ ತಲೆಲೆಕ್ಕದಲ್ಲಿರುತ್ತದೆ. ಒಬ್ಬರೆಂದು ಹಾಕಿ ಕಡಿಮೆ ಬೆಲೆ ಕಂಡು ಹಿಗ್ಗಬಾರದು, ಇಬ್ಬರೆಂದೇ ಹಾಕಿ ನೋಡಬೇಕು. ಅಗ್ಗದ ಪಟ್ಟಿಯಲ್ಲಿ ಮೊದಲು ಬರುವ 'ಸೆಮಿ ಡಬಲ್' ಕೋಣೆಯ ಮಂಚದ ಅಗಲ ಸುಮಾರು 120 ಸೆಂಟಿಮೀಟರ್. ಚಳಿಗಾಲದ ದಪ್ಪ ಕೋಟು, ಎರಡು ಸೂಟ್‌ಕೇಸ್ ಇಟ್ಟರೆ ನಡೆಯಲೂ ಜಾಗವಿಲ್ಲ. ಸ್ವಲ್ಪ ಹೆಚ್ಚು ಕೊಟ್ಟು 'ಟ್ವಿನ್' ತೆಗೆದುಕೊಂಡದ್ದು ನಮ್ಮ ಇಡೀ ಬಜೆಟ್‌ನಲ್ಲಿ ಅತ್ಯಂತ ಸಾರ್ಥಕ ಖರ್ಚು. ಕ್ಯೋಟೊದಲ್ಲಿ ವಸತಿ ತೆರಿಗೆಯೂ ಇದೆ, 2026ರ ಮಾರ್ಚ್‌ನಿಂದ ಅದು ಏರಿದೆ. ತಲೆಗೆ 6,000 ಯೆನ್‌ನಿಂದ 20,000ಕ್ಕಿಂತ ಕೆಳಗಿನ ಬಾಡಿಗೆಗೆ ರಾತ್ರಿಗೆ ತಲಾ 400 ಯೆನ್. ತಲೆಗೆ ಲಕ್ಷ ಯೆನ್ ದಾಟುವ ಐಷಾರಾಮಿ ಕೋಣೆಗೆ ತಲಾ 10,000.

ವೀಸಾ ಅರ್ಜಿಯ ಜೊತೆ ಯಾವ ದಿನ ಯಾವ ಊರು, ಎಲ್ಲಿ ವಾಸ ಎಂಬ ದಿನವಾರು ಪಟ್ಟಿ ಕೊಡಬೇಕು. ಆದ್ದರಿಂದ ಕೋಣೆಗಳನ್ನು ಮೊದಲೇ, ಉಚಿತ ರದ್ದತಿ ಇರುವಂಥವನ್ನೇ ಹಿಡಿಯಬೇಕು. ಹಬ್ಬದ ರಾತ್ರಿಗಳಿಗೆ ರದ್ದತಿಯ ಗಡುವು ಬಹಳ ಮುಂಚೆಯೇ ಮುಗಿಯುತ್ತದೆ. ಒಂದೊಂದು ಹೋಟೆಲಿನ ಗಡುವಿಗೂ ಇಬ್ಬರ ಫೋನಿನಲ್ಲೂ ಅಲಾರಂ ಇಟ್ಟುಕೊಳ್ಳಿ.

ಅಲ್ಲಿ ಕೊಡುವ ಹಣದ ಬಗ್ಗೆ. ನಮ್ಮ ಬಹಳಷ್ಟು ಬ್ಯಾಂಕ್ ಕಾರ್ಡ್‌ಗಳು ವಿದೇಶಿ ವ್ಯವಹಾರಕ್ಕೆ ಶೇ 3.5 ಮಾರ್ಕಪ್ ಹಾಕುತ್ತವೆ, ಅದರ ಮೇಲೆ ಶೇ 18 ಜಿಎಸ್‌ಟಿ. ಎರಡು ಲಕ್ಷ ಉಜ್ಜಿದರೆ 8,260 ರೂಪಾಯಿ ಸುಮ್ಮನೆ ಹೋಯಿತು. ಮಾರ್ಕಪ್ ಇಲ್ಲದ ಕಾರ್ಡ್ ಅಥವಾ ಮೊದಲೇ ಯೆನ್ ತುಂಬಿಸಿಕೊಂಡ ಫಾರೆಕ್ಸ್ ಕಾರ್ಡ್ ಒಯ್ಯಿರಿ. ಟೋಕಿಯೊದ ಹೋಟೆಲ್ ಕೌಂಟರಿನ ಹುಡುಗಿ ಎರಡೂ ಕೈಯಲ್ಲಿ ಹಿಡಿದು ಚಾಚಿದ ಯಂತ್ರದ ಪರದೆಯ ಮೇಲೆ ಎರಡು ಮೊತ್ತಗಳಿದ್ದವು, ಮೇಲೆ ರೂಪಾಯಿ, ಕೆಳಗೆ ಯೆನ್. ಪರಿಚಯದ ರೂಪಾಯಿಯ ಕಡೆಗೇ ಬೆರಳು ಹೋಗುತ್ತದೆ. ಒತ್ತುವುದು ಯೆನ್. ರೂಪಾಯಿ ಒತ್ತಿದರೆ ವಿನಿಮಯ ದರವನ್ನು ಅವರು ತಮಗೆ ಬೇಕಾದಂತೆ ಹಾಕಿಕೊಳ್ಳುತ್ತಾರೆ. ನಗದು ಬೇಕಾದರೆ ಸೆವೆನ್ ಇಲೆವೆನ್ ಅಂಗಡಿಯೊಳಗಿನ ಎಟಿಎಂ ನಮ್ಮ ಕಾರ್ಡ್‌ಗಳಿಗೂ ನಡೆಯುತ್ತದೆ. ಬ್ಯಾಂಕ್ ಮುಚ್ಚಿದ ದಿನಗಳಲ್ಲಿ ನಮಗೆ ಅದೇ ಆಸರೆ. ಜನವರಿ 1ರಂದು ಊಟಕ್ಕೂ ಆ ಅಂಗಡಿಯೇ. ಸಸ್ಯಾಹಾರಿಗಳು ಉಮೆಬೊಶಿ, ಅಂದರೆ ಉಪ್ಪಿನಲ್ಲಿ ಹಾಕಿದ ಹುಳಿಹಣ್ಣು ತುಂಬಿದ ಅನ್ನದ ಉಂಡೆ ಹುಡುಕಬಹುದು, ಅದರಲ್ಲೂ ಮೀನಿನ ಸಾರ ಸೇರಿದೆಯೇ ಎಂದು ಪಟ್ಟಿ ಓದಿ. ಬಹಳಷ್ಟು ಸೂಪು, ಸಾಸುಗಳಲ್ಲಿ ಮೀನಿನ ಸಾರ ಇರುತ್ತದೆ. ನಮ್ಮ ಅವಲಕ್ಕಿ, ಚಟ್ನಿಪುಡಿ ಬಹಳ ಕಾಪಾಡಿದವು. ಹಸಿ ಹಣ್ಣು, ಕರಿಬೇವು ಮಾತ್ರ ಒಯ್ಯಬೇಡಿ, ಕ್ವಾರಂಟೈನ್ ತಪಾಸಣೆಯಲ್ಲಿ ಬಿಡುವುದಿಲ್ಲ.

ಇಷ್ಟಕ್ಕೆ ಹಣ ಎಲ್ಲಿಂದ? 'ಈಗ ಹೋಗಿ, ಆಮೇಲೆ ಕಟ್ಟಿ' ಎನ್ನುವ ಪ್ರವಾಸ ಸಾಲಗಳ ಜಾಹೀರಾತುಗಳು ಈಗ ಎಲ್ಲೆಲ್ಲೂ ಇವೆ. ಮನೆಗೋ ಓದಿಗೋ ಸಾಲ ಮಾಡಿದರೆ ಅರ್ಥವಿದೆ, ಸುತ್ತಾಟಕ್ಕೆ ಕೂಡದು. ನಾವು ಒಂದು ಆರ್‌ಡಿ ತೆರೆದು, ಇಬ್ಬರೂ ನಮ್ಮ ನಮ್ಮ ಸಂಬಳಕ್ಕೆ ತಕ್ಕಂತೆ ಕಟ್ಟಿದೆವು. ಇವರ ಸಂಬಳ ಹೆಚ್ಚು, ಆದ್ದರಿಂದ ಇವರ ಪಾಲೂ ಹೆಚ್ಚು. ಸಮಪಾಲು ಎಂದು ಹಟ ಹಿಡಿದರೆ ಕಡಿಮೆ ದುಡಿಯುವವರ ಕೈ ವರ್ಷವಿಡೀ ಬಿಗಿಯಾಗಿರುತ್ತದೆ. ಆಸ್ಪತ್ರೆಗೆಂದು ಇಟ್ಟ ಹಣವನ್ನು ಇದಕ್ಕೆ ಮುಟ್ಟಲಿಲ್ಲ. ಪ್ರವಾಸ ವಿಮೆಯನ್ನು ಬಿಡಲಿಲ್ಲ. ನೀವೇ ಎಲ್ಲ ಬುಕ್ ಮಾಡಿದರೆ, ವಿದೇಶಕ್ಕೆ ಕಳಿಸುವ ಹಣ ಒಬ್ಬರ ಹೆಸರಲ್ಲಿ ವರ್ಷಕ್ಕೆ 10 ಲಕ್ಷ ದಾಟುವವರೆಗೆ ಟಿಸಿಎಸ್ (ಮೂಲದಲ್ಲೇ ವಸೂಲಾಗುವ ತೆರಿಗೆ) ಇಲ್ಲ, 2025ರ ಏಪ್ರಿಲ್‌ನಿಂದ ಈ ಮಿತಿ ಇದೆ. ಪ್ಯಾಕೇಜ್ ಕೊಂಡರೆ ಮೊದಲ ರೂಪಾಯಿಯಿಂದಲೇ ಟಿಸಿಎಸ್ ಹಿಡಿಯುತ್ತಾರೆ. ರಿಟರ್ನ್ಸ್ ಸಲ್ಲಿಸುವಾಗ ಅದನ್ನು ಲೆಕ್ಕಕ್ಕೆ ಹಿಡಿದುಕೊಳ್ಳಲು ಮರೆಯಬೇಡಿ.

ಹೋಗುವ ಆಸೆ ಇದ್ದವರಿಗೆ ಒಂದು ಮಾತು. ಜನವರಿಯ ಎರಡನೇ ಸೋಮವಾರ ಜಪಾನಿನಲ್ಲಿ ಮತ್ತೆ ರಜೆ, ಇಪ್ಪತ್ತರ ಹರೆಯದವರನ್ನು ಹರಸುವ ಹಬ್ಬ. ಆ ವಾರಾಂತ್ಯಕ್ಕೆ ಬಾಡಿಗೆ ಇನ್ನೊಮ್ಮೆ ಏರುತ್ತದೆ. ಹೊಸ ವರ್ಷ ಮುಗಿದು ಅದು ಬರುವ ಮುಂಚಿನ ಕೆಲಸದ ದಿನಗಳೇ ನಿಮ್ಮವು. 2027ರಲ್ಲಿ ಅವು ಜನವರಿ 4ರ ಸೋಮವಾರದಿಂದ 8ರ ಶುಕ್ರವಾರದವರೆಗೆ. ಕ್ಯೋಟೊ, ಹಕೋನೆಯ ಕೋಣೆಗಳನ್ನು ಆ ದಿನಗಳಿಗೇ ಬುಕ್ ಮಾಡಿ.